‘ಇದನ್ನ ಮಾಡಿದ್ದು ಯಾರು?’: ದೊಡ್ಡವರು ಕೈ ಹಾಕಬಾರದ ಮಕ್ಕಳ ಪಂದ್ಯಾವಳಿಗಳ ಕಥೆ

ಹೋದ ವರ್ಷ ನಮ್ಮೂರ ಹತ್ತಿರದ ಒಂದು ಶಾಲೆಯ ವಿಜ್ಞಾನ ಮೇಳಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಥರ್ಮಾಕೋಲಿನ ದೊಡ್ಡ ಜ್ವಾಲಾಮುಖಿಯ ಮುಂದೆ ನಿಂತಿದ್ದ. ಬಣ್ಣ, ಲೈಟು, ಹೊಗೆ ಎಲ್ಲ ಇತ್ತು.

“ತುಂಬಾ ಚೆನ್ನಾಗಿದೆ ಕಣೋ. ಯಾರು ಮಾಡಿದ್ದು?” ಅಂದೆ.

“ಅಪ್ಪ ಆರ್ಡರ್ ಕೊಟ್ಟು ಮಾಡಿಸಿದ್ರು ಸರ್.” ಹುಡುಗನಿಗೆ ಮುಚ್ಚುಮರೆ ಏನೂ ಇರಲಿಲ್ಲ.

ಪಕ್ಕದ ಬೆಂಚಿನಲ್ಲಿ ಅದೇ ಕ್ಲಾಸಿನ ಹುಡುಗಿ. ರಟ್ಟಿನ ಡಬ್ಬ, ಬಾಟಲಿ ಮುಚ್ಚಳ, ಹಳೇ ಪೆನ್ನಿನ ಕೊಳವೆ ಸೇರಿಸಿ ನೀರು ಎತ್ತೋ ಯಂತ್ರ ಮಾಡಿದ್ದಳು. ಅರ್ಧ ನೀರು ಟೇಬಲ್ ಮೇಲೇ ಸೋರುತ್ತಿತ್ತು. “ಗಮ್ಮು ನಿಲ್ತಾ ಇಲ್ಲ ಸರ್. ಮೇಣದಬತ್ತಿ ಕರಗಿಸಿ ಹಾಕಿದ್ರೆ ನಿಲ್ಲಬಹುದು. ಮನೆಗೆ ಹೋಗಿ ನೋಡ್ತೀನಿ” ಅಂದಳು.

ನನ್ನ ಕೈಯಲ್ಲಿದ್ದ ಅಂಕಪಟ್ಟಿಯಲ್ಲಿ ಅಚ್ಚುಕಟ್ಟುತನ, ವಿವರಣೆ, ಉಪಯುಕ್ತತೆ ಅಂತ ಮೂರು ಕಾಲಂ ಇದ್ದವು. ‘ಮಾಡಿದ್ದು ಯಾರು’ ಅನ್ನೋ ಕಾಲಂ ಇರಲಿಲ್ಲ. ಜ್ವಾಲಾಮುಖಿಗೆ ಮೊದಲ ಬಹುಮಾನ ಬಂತು. ಆ ಪಟ್ಟಿಗೆ ನಾನೂ ಸಹಿ ಹಾಕಿದೆ.

ಆ ಸಹಿ ನನ್ನನ್ನು ಇವತ್ತಿಗೂ ಕಾಡುತ್ತೆ. ಯಾಕಂದ್ರೆ ಆ ಒಂದು ಪ್ರಶ್ನೆಗಾಗಿಯೇ ಪ್ರತ್ಯೇಕ ಫಾರಂ ಇಟ್ಟುಕೊಂಡು ಮಕ್ಕಳ ಪಂದ್ಯಾವಳಿ ನಡೆಸೋ ವ್ಯವಸ್ಥೆಯನ್ನ ನಾನು ಅದಕ್ಕೂ ಮೊದಲೇ ನೋಡಿದ್ದೆ. ಕೆಲಸದ ಮೇಲೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲವು ವರ್ಷ ಇದ್ದಾಗ, ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗಳು ‘ಒಡಿಸ್ಸಿ ಆಫ್ ದಿ ಮೈಂಡ್’ ಅನ್ನೋ ಸ್ಪರ್ಧೆಯ ತಂಡಕ್ಕೆ ಸೇರಿದಳು. ಪ್ರತಿ ತಂಡವೂ ಒಬ್ಬ ತೀರ್ಪುಗಾರರನ್ನು ಕೊಡಬೇಕು ಅನ್ನೋದು ಅಲ್ಲಿನ ನಿಯಮ. ಹಾಗೆ ನಾನೂ ಒಂದು ದಿನದ ತರಬೇತಿ ಪಡೆದು ತೀರ್ಪುಗಾರನಾದೆ. ನಮ್ಮ ಮಗಳ ತಂಡಕ್ಕಲ್ಲ, ಬೇರೆಯವರಿಗೆ.

ಈ ಪಂದ್ಯಾವಳಿಗಳು ಏನು, ಎಲ್ಲಿಂದ ಬಂದವು, ಹೇಗೆ ನಡೆಯುತ್ತವೆ, ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಯಾರನ್ನು ಹೊರಗಿಡುತ್ತವೆ ಅನ್ನೋದನ್ನ ಒಂದು ಕಡೆ ಬರೆದಿಡೋಣ ಅಂತ ಈ ಲೇಖನ. ಕೊನೆಗೆ ನಮ್ಮ ಸರ್ಕಾರಿ ಶಾಲೆಗಳಿಗೆ ಇದರಿಂದ ಏನು ಬೇಕು, ಏನು ಬೇಡ ಅನ್ನೋದಕ್ಕೂ ಬರ್ತೀನಿ.

ಎಲ್ಲಿಂದ ಶುರುವಾಯ್ತು?

ನ್ಯೂಜೆರ್ಸಿಯ ಗ್ಲಾಸ್‌ಬರೋ ಸ್ಟೇಟ್ ಕಾಲೇಜಿನಲ್ಲಿ (ಈಗಿನ ರೋವನ್ ವಿಶ್ವವಿದ್ಯಾಲಯ) ಸ್ಯಾಮ್ ಮಿಕ್ಲಸ್ ಅನ್ನೋ ಪ್ರಾಧ್ಯಾಪಕರು ಕೈಗಾರಿಕಾ ವಿನ್ಯಾಸ ಕಲಿಸುತ್ತಿದ್ದರು. ಚಕ್ರ ಇಲ್ಲದ ವಾಹನ ಮಾಡಿ, ನೀರಿನ ಮೇಲೆ ತೇಲಿ ದಾಟೋ ಸಾಧನ ಮಾಡಿ ಅಂತ ವಿದ್ಯಾರ್ಥಿಗಳಿಗೆ ಸವಾಲು ಹಾಕುತ್ತಿದ್ದರು. ಅಂಕ ಕೊಡುವಾಗ ಯಂತ್ರ ಗೆದ್ದಿತೋ ಸೋತಿತೋ ಅನ್ನೋದಕ್ಕಿಂತ ಎಷ್ಟು ಹೊಸದಾಗಿ ಯೋಚಿಸಿದರು, ಎಷ್ಟು ಧೈರ್ಯ ಮಾಡಿದರು ಅನ್ನೋದನ್ನ ನೋಡುತ್ತಿದ್ದರು. ಇದನ್ನೇ ಶಾಲಾ ಮಕ್ಕಳಿಗೆ ತಂದರೆ ಹೇಗೆ ಅಂತ ಮಿಕ್ಲಸ್ ಮತ್ತು ಥಿಯೋಡರ್ ಗೌರ್ಲಿ ಸೇರಿ 1978ರಲ್ಲಿ ನ್ಯೂಜೆರ್ಸಿಯ 28 ಶಾಲೆಗಳಿಗೆ ಮೊದಲ ಸ್ಪರ್ಧೆ ನಡೆಸಿದರು.

ಆಗ ಇದರ ಹೆಸರು ‘ಒಲಿಂಪಿಕ್ಸ್ ಆಫ್ ದಿ ಮೈಂಡ್’. ‘ಒಲಿಂಪಿಕ್ಸ್’ ಪದದ ಹಕ್ಕು ನಮ್ಮದು ಅಂತ ಅಮೆರಿಕದ ಒಲಿಂಪಿಕ್ ಸಮಿತಿ ತಕರಾರು ತೆಗೆದ ಮೇಲೆ ‘ಒಡಿಸ್ಸಿ’ ಆಯಿತು. ಈಗ ಹಲವು ದೇಶಗಳ ತಂಡಗಳು ಪ್ರತಿ ವರ್ಷ ಅಮೆರಿಕದ ಯಾವುದಾದರೂ ಒಂದು ವಿಶ್ವವಿದ್ಯಾಲಯದಲ್ಲಿ ನಡೆಯೋ ವಿಶ್ವ ಫೈನಲ್ಸ್‌ಗೆ ಬರುತ್ತವೆ.

ಇದೊಂದೇ ಅಲ್ಲ. ಇದಕ್ಕೂ ಮೊದಲು, 1974ರಲ್ಲಿ, ಜಾರ್ಜಿಯಾದಲ್ಲಿ ಇ. ಪಾಲ್ ಟೊರೆನ್ಸ್ ‘ಫ್ಯೂಚರ್ ಪ್ರಾಬ್ಲಂ ಸಾಲ್ವಿಂಗ್’ ಕಾರ್ಯಕ್ರಮ ಶುರು ಮಾಡಿದ್ದರು. ಸೃಜನಶೀಲತೆಯನ್ನು ಅಳೆಯೋ ಪ್ರಸಿದ್ಧ ಪರೀಕ್ಷೆಗಳನ್ನು ರೂಪಿಸಿದ ಮನಶ್ಶಾಸ್ತ್ರಜ್ಞ ಅವರು. ಅಲ್ಲಿ ಯಂತ್ರ, ನಾಟಕ ಇಲ್ಲ. ನಾಲ್ಕು ಮಕ್ಕಳು ಎರಡು ಗಂಟೆ ಒಟ್ಟಿಗೆ ಕೂತು, ಭವಿಷ್ಯದ ಒಂದು ಸನ್ನಿವೇಶ ಓದಿ, ಆರು ಹಂತಗಳಲ್ಲಿ ಉತ್ತರ ಬರೆಯಬೇಕು: ತೊಂದರೆಗಳನ್ನು ಪಟ್ಟಿ ಮಾಡೋದು, ಅದರಲ್ಲಿ ಮೂಲ ಸಮಸ್ಯೆ ಆರಿಸೋದು, ಪರಿಹಾರಗಳನ್ನು ಹುಡುಕೋದು, ಅಳತೆಗೋಲು ಹಾಕಿಕೊಳ್ಳೋದು, ಆ ಅಳತೆಯಲ್ಲಿ ಪರಿಹಾರಗಳನ್ನು ತೂಗೋದು, ಕೊನೆಗೆ ಕಾರ್ಯಯೋಜನೆ. ಇದರ ಜೂನಿಯರ್ ವಿಭಾಗ ನಾಲ್ಕರಿಂದ ಆರನೇ ಕ್ಲಾಸಿನವರಿಗೆ.

1999ರಲ್ಲಿ ಒಡಿಸ್ಸಿ ಬಳಗ ಒಡೆದು ‘ಡೆಸ್ಟಿನೇಷನ್ ಇಮ್ಯಾಜಿನೇಷನ್’ ಹುಟ್ಟಿತು. ಮಕ್ಕಳಿಗೆ ‘ಒಟ್ಟಾಗಿ ಸಮಸ್ಯೆ ಬಿಡಿಸಿ’ ಅಂತ ಹೇಳಿಕೊಟ್ಟ ದೊಡ್ಡವರೇ ಒಟ್ಟಾಗಿರಲು ಆಗಲಿಲ್ಲ ಅನ್ನೋ ತಮಾಷೆ ನಮ್ಮ ಎಡ-ಬಲ ಪಕ್ಷಗಳ ಒಡಕುಗಳನ್ನು ನೋಡಿ ಬೆಳೆದ ನಮಗೆ ಹೊಸದೇನಲ್ಲ! ಇನ್ನು 1998ರಲ್ಲಿ ‘ಫಸ್ಟ್’ ಸಂಸ್ಥೆ ಮತ್ತು ಲೆಗೋ ಕಂಪನಿ ಸೇರಿ ಶುರು ಮಾಡಿದ ‘ಫಸ್ಟ್ ಲೆಗೋ ಲೀಗ್’ ಭಾರತದಲ್ಲೂ ನಡೆಯುತ್ತೆ. ಅದರಲ್ಲಿ ಪುಟ್ಟ ಮಕ್ಕಳಿಗೆ ಬೇರೆ ವಿಭಾಗ ಇದೆ.

ಆಟ ಹೇಗೆ ನಡೆಯುತ್ತೆ?

ನನಗೆ ಹತ್ತಿರದಿಂದ ಗೊತ್ತಿರೋದು ಒಡಿಸ್ಸಿ. ಅದನ್ನೇ ಉದಾಹರಣೆಯಾಗಿ ತಗೋತೀನಿ.

ಒಂದು ತಂಡದಲ್ಲಿ ಹೆಚ್ಚೆಂದರೆ ಏಳು ಮಕ್ಕಳು. ಐದನೇ ಕ್ಲಾಸಿನವರೆಗಿನವರದ್ದು ಮೊದಲ ವಿಭಾಗ. ಎರಡನೇ ಕ್ಲಾಸಿನ ಒಳಗಿನ ಪುಟಾಣಿಗಳಿಗೆ ಬೇರೆಯೇ ಸಮಸ್ಯೆ ಇರುತ್ತೆ. ಅವರೂ ಬಂದು ತೋರಿಸ್ತಾರೆ, ಆದರೆ ಅವರಿಗೆ ಸ್ಥಾನ, ರ‍್ಯಾಂಕು ಇಲ್ಲ.

ಒಟ್ಟು 350 ಅಂಕಗಳಿಗೆ ಮೂರು ಭಾಗ.

ಮೊದಲನೆಯದು ದೀರ್ಘಾವಧಿ ಸಮಸ್ಯೆ, 200 ಅಂಕ. ಶಾಲಾ ವರ್ಷದ ಶುರುವಿನಲ್ಲಿ ಐದು ಸಮಸ್ಯೆ ಕೊಡ್ತಾರೆ. ವಾಹನ ಮಾಡೋದು, ತಾಂತ್ರಿಕ ಸಾಧನ ಮಾಡೋದು, ಕಲೆ-ಸಾಹಿತ್ಯದ ಹಳೇ ಕೃತಿಯೊಂದನ್ನು ಹೊಸದಾಗಿ ಕಟ್ಟೋದು, ತೂಕ ಹೊರುವ ರಚನೆ ಮಾಡೋದು, ನಾಟಕ ಆಡೋದು. ತಂಡ ಒಂದನ್ನು ಆರಿಸಿಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಿ, ಸ್ಪರ್ಧೆಯ ದಿನ 8 ನಿಮಿಷದಲ್ಲಿ ತೋರಿಸಬೇಕು. ತೂಕ ಹೊರುವ ರಚನೆಯಂತೂ ನೋಡೋಕೆ ಮಜಾ. ಬಾಲ್ಸಾ ಅನ್ನೋ ಹಗುರ ಮರದ ಕಡ್ಡಿ ಮತ್ತು ಅಂಟಿನಿಂದ ಮಾಡಿದ, ಕೆಲವೇ ಗ್ರಾಂ ತೂಗುವ ಪುಟ್ಟ ಗೋಪುರದ ಮೇಲೆ ಮಕ್ಕಳು ಒಂದೊಂದೇ ಕಬ್ಬಿಣದ ತೂಕ ಇಡುತ್ತಾ ಹೋಗ್ತಾರೆ. ಚೆನ್ನಾಗಿ ಕಟ್ಟಿದ್ದರೆ ನೂರಾರು ಕಿಲೋ ತಡೆಯುತ್ತೆ. ಕೊನೆಗೊಂದು ‘ಟಪ್’ ಸದ್ದು. ಆಮೇಲೆ ಇಡೀ ಜಿಮ್ನೇಷಿಯಂ ಚಪ್ಪಾಳೆ. ಮುರಿದು ಬೀಳೋದಕ್ಕೆ ಚಪ್ಪಾಳೆ ಹೊಡೆಯೋ ಸ್ಪರ್ಧೆಯನ್ನ ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಎರಡನೆಯದು ದಿಢೀರ್ ಸಮಸ್ಯೆ, 100 ಅಂಕ. ಮಕ್ಕಳು ಒಂದು ಕೋಣೆಗೆ ಹೋಗ್ತಾರೆ, ಬಾಗಿಲು ಮುಚ್ಚುತ್ತೆ. ಒಳಗೆ ಏನಿದೆ ಅಂತ ಮೊದಲೇ ಯಾರಿಗೂ ಗೊತ್ತಿರಲ್ಲ. ಮಾತಿನ ಸಮಸ್ಯೆ ಇರಬಹುದು, ಕೈಕೆಲಸದ್ದು ಇರಬಹುದು, ಎರಡೂ ಸೇರಿದ್ದು ಇರಬಹುದು. ಉದಾಹರಣೆಗೆ, ಒಂದು ಸ್ಟೀಲ್ ತಟ್ಟೆ ಕೊಟ್ಟು ‘ಇದು ಏನೇನಾಗಬಹುದು ಹೇಳಿ’ ಅಂದ್ರು ಅಂತ ಇಟ್ಕೊಳ್ಳಿ. ‘ಊಟದ ತಟ್ಟೆ’, ‘ಮುಚ್ಚಳ’ ಅಂದರೆ ಕಡಿಮೆ ಅಂಕ. ‘ಇರುವೆಗಳ ಸ್ಟೇಡಿಯಂ’, ‘ಸಿಟ್ಟು ಬಂದಾಗ ಬಡಿಯೋ ಜಾಗಟೆ’ ಅಂದರೆ ಹೆಚ್ಚು. ಕೋಣೆಯಿಂದ ಹೊರಗೆ ಬಂದ ಮೇಲೆ ಒಳಗಿನ ಸಮಸ್ಯೆ ಏನಿತ್ತು ಅಂತ ಬೇರೆ ತಂಡಗಳಿಗೆ ಹೇಳೋ ಹಾಗಿಲ್ಲ. ಅಪ್ಪ ಅಮ್ಮನಿಗೂ ಹೇಳೋ ಹಾಗಿಲ್ಲ. ಮಗಳು ಕಾರಿನಲ್ಲಿ ಮನೆವರೆಗೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದು ನೆನಪಿದೆ.

ಮೂರನೆಯದು ಶೈಲಿ, 50 ಅಂಕ. ವೇಷಭೂಷಣ, ಹಾಡು, ರಂಗಸಜ್ಜು. ಇದರಲ್ಲಿ ಯಾವುದಕ್ಕೆ ಅಂಕ ಬೇಕು ಅಂತ ಕೆಲವನ್ನು ತಂಡವೇ ಆರಿಸಿಕೊಳ್ಳುತ್ತೆ.

ಇದರ ಆಚೆಗೆ ‘ರನಾಟ್ರ ಫಸ್ಕ’ ಅಂತ ಒಂದು ವಿಶೇಷ ಪ್ರಶಸ್ತಿ ಇದೆ. ನೀರಿನಲ್ಲಿ ಬದುಕೋ ಒಂದು ಉದ್ದ ಕಾಲಿನ ಕೀಟದ ಹೆಸರು ಅದು. ಒಟ್ಟು ಅಂಕದಲ್ಲಿ ಎಷ್ಟೇ ಹಿಂದಿದ್ದರೂ, ಅಸಾಧಾರಣವಾಗಿ ಯೋಚಿಸಿದ ತಂಡಕ್ಕೆ ಇದು ಸಿಗಬಹುದು. ಸೋರೋ ಯಂತ್ರದ ಹುಡುಗಿಗೆ ಅಲ್ಲಿ ಆಸೆ ಇಟ್ಟುಕೊಳ್ಳೋಕೆ ಒಂದು ಜಾಗವಾದರೂ ಇದೆ.

ಮುಖ್ಯ ನಿಯಮ: ಹೊರಗಿನ ನೆರವು ಇಲ್ಲ

ಇಷ್ಟೆಲ್ಲ ಅಂಕದ ಲೆಕ್ಕಕ್ಕಿಂತ ನನಗೆ ದೊಡ್ಡದು ಅನ್ನಿಸಿದ್ದು ಒಂದೇ ನಿಯಮ. ಯೋಚನೆ, ವಿನ್ಯಾಸ, ಹೊಲಿಗೆ, ಬಣ್ಣ, ಮಾತು ಎಲ್ಲವೂ ತಂಡದ ಮಕ್ಕಳದ್ದೇ ಆಗಿರಬೇಕು. ಕೋಚ್ ಇರ್ತಾರೆ. ಸುತ್ತಿಗೆ ಹಿಡಿಯೋದು ಹೇಗೆ, ಹೊಲಿಗೆ ಹಾಕೋದು ಹೇಗೆ ಅಂತ ಕಲಿಸಬಹುದು. ಆದರೆ ‘ಇಲ್ಲಿ ಮೊಳೆ ಹೊಡಿ’ ಅನ್ನೋ ಹಾಗಿಲ್ಲ. ಪ್ರಶ್ನೆ ಕೇಳಬಹುದು, ಉತ್ತರ ಕೊಡೋ ಹಾಗಿಲ್ಲ. ಹೊರಗಿನವರ ನೆರವು ಸಿಕ್ಕಿದ್ದರೆ ಅದನ್ನು ಫಾರಂನಲ್ಲಿ ಬರೆಯಬೇಕು, ಅದಕ್ಕೆ ಅಂಕ ಕಡಿತ ಆಗುತ್ತೆ. ಡೆಸ್ಟಿನೇಷನ್ ಇಮ್ಯಾಜಿನೇಷನ್‌ನಲ್ಲೂ ಇದೇ ನಿಯಮ ಇದೆ. ಅಲ್ಲಿ ಇದನ್ನು ‘ಹಸ್ತಕ್ಷೇಪ’ ಅಂತಲೇ ಕರೀತಾರೆ.

ಓದೋಕೆ ಸುಲಭ. ಪಾಲಿಸೋದು ಎಷ್ಟು ಕಷ್ಟ ಅನ್ನೋದನ್ನ ನನ್ನಿಂದಲೇ ಹೇಳ್ತೀನಿ. ಒಂದು ಶನಿವಾರ ತಂಡ ನಮ್ಮ ಮನೆ ಗ್ಯಾರೇಜಿನಲ್ಲಿ ಸೇರಿತ್ತು. ರಟ್ಟಿನ ಗಾಡಿಯ ಚಕ್ರ ಪದೇ ಪದೇ ವಾಲುತ್ತಿತ್ತು. ಚಹಾ ಹಿಡ್ಕೊಂಡು ನಿಂತಿದ್ದ ನನಗೆ ಐದೇ ನಿಮಿಷದಲ್ಲಿ ಕಾರಣ ಗೊತ್ತಾಯ್ತು. ಕೆಲಸವೇ ಅದು ನಂದು! ತಡೆಯೋಕಾಗದೆ, “ಆ ಕಡ್ಡಿ ಆ ಕಡೆಯಿಂದ ಈ ಕಡೆಗೆ ಪೂರ್ತಿ ಹೋಗಬೇಕು ಕಣೇ” ಅಂದುಬಿಟ್ಟೆ.

ಏಳು ಜೋಡಿ ಕಣ್ಣು ನನ್ನ ಕಡೆ ತಿರುಗಿದವು. ಮಗಳು ಕನ್ನಡದಲ್ಲಿ, “ಅಪ್ಪಾ, ನೀನು ಹೇಳೋ ಹಾಗಿಲ್ಲ. ಈಗ ಅದನ್ನ ನಾವು ಮಾಡೋಕೂ ಆಗಲ್ಲ” ಅಂದಳು. ಕಣ್ಣಲ್ಲಿ ನೀರಿತ್ತು. ಮಕ್ಕಳು ಅರ್ಧ ಗಂಟೆ ಚರ್ಚೆ ಮಾಡಿ, ಚಕ್ರದ ಯೋಚನೆಯನ್ನೇ ಕೈಬಿಟ್ಟು, ಗಾಡಿಯನ್ನು ಜಾರುವ ಹಾಗೆ ಮಾಡೋಣ ಅಂತ ತೀರ್ಮಾನಿಸಿದರು. ನನ್ನ ಉತ್ತರ ಸರಿಯಾಗಿತ್ತು. ಆದರೆ ಆ ಸರಿಯಾದ ಉತ್ತರ ಅವರು ಸ್ವಂತವಾಗಿ ಕಂಡುಕೊಳ್ಳಬಹುದಾಗಿದ್ದ ಒಂದು ದಾರಿಯನ್ನು ಮುಚ್ಚಿಬಿಟ್ಟಿತ್ತು.

ಅವತ್ತು ನನಗೆ ತಿಳಿದಿದ್ದು ಇಷ್ಟು. ದೊಡ್ಡವರು ಮಗುವಿನ ಕೆಲಸಕ್ಕೆ ಕೈ ಹಾಕಿದಾಗ ಕೆಲಸ ಸುಧಾರಿಸುತ್ತೆ. ಆದರೆ ಅದು ಮಗುವಿನದ್ದಾಗಿ ಉಳಿಯಲ್ಲ. ಇಲ್ಲಿರೋದು ಬರೀ ಶಿಕ್ಷಣಶಾಸ್ತ್ರದ ಪ್ರಶ್ನೆ ಅಲ್ಲ, ಸಮಾನತೆಯ ಪ್ರಶ್ನೆಯೂ ಹೌದು. ಎಂಜಿನಿಯರ್ ಅಪ್ಪ ಇರೋ ಮಗುವಿಗೂ, ರಾತ್ರಿ ಪಾಳಿಯಲ್ಲಿ ಕೆಲಸ ಮಾಡೋ ಅಮ್ಮ ಇರೋ ಮಗುವಿಗೂ ಸ್ಪರ್ಧೆ ಸಮ ಆಗಬೇಕು ಅಂದರೆ, ಅಪ್ಪನ ಕೈಯನ್ನು ಆಟದಿಂದ ಹೊರಗಿಡಲೇಬೇಕು.

ದುಡ್ಡಿಗೂ ಮಿತಿ, ಆದರೆ…

ಒಡಿಸ್ಸಿಯಲ್ಲಿ ಇನ್ನೊಂದು ನಿಯಮ ಇದೆ. ಪ್ರದರ್ಶನದಲ್ಲಿ ಬಳಸೋ ಸಾಮಗ್ರಿಯ ಒಟ್ಟು ಬೆಲೆ ಒಂದು ಮಿತಿ ದಾಟಬಾರದು. ನಾನು ನೋಡಿದ ವರ್ಷಗಳಲ್ಲಿ ಅದು 150 ಡಾಲರ್‌ನ ಒಳಗೇ ಇತ್ತು. ಹಳೇ ವಸ್ತುಗಳಿಗೆ ಸೆಕೆಂಡ್ ಹ್ಯಾಂಡ್ ಬೆಲೆ ಹಾಕಿದರೆ ಸಾಕು. ಹಾಗಾಗಿ ಮಕ್ಕಳು ರಟ್ಟು, ಹಾಲಿನ ಡಬ್ಬ, ಹಳೇ ಬಟ್ಟೆಯನ್ನೇ ಹುಡುಕ್ತಾರೆ. ಒಳ್ಳೆ ನಿಯಮ.

ಆದರೆ ಈ ಮಿತಿ ವೇದಿಕೆಯ ಮೇಲಿನ ದುಡ್ಡಿಗೆ ಮಾತ್ರ. ವೇದಿಕೆಗೆ ಬರೋ ದಾರಿಯ ದುಡ್ಡಿಗೆ ಇಲ್ಲ. ಶಾಲೆ ಸದಸ್ಯತ್ವ ಶುಲ್ಕ ಕಟ್ಟಬೇಕು. ತಿಂಗಳುಗಟ್ಟಲೆ ವಾರಾಂತ್ಯಗಳನ್ನು ಪುಕ್ಕಟೆಯಾಗಿ ಕೊಡಬಲ್ಲ ಒಬ್ಬ ಪೋಷಕ ಕೋಚ್ ಆಗಬೇಕು. ಮಕ್ಕಳನ್ನು ಕರೆದೊಯ್ಯೋಕೆ ಕಾರು ಬೇಕು. ವಿಶ್ವ ಫೈನಲ್ಸ್ ತನಕ ಹೋದರೆ ಪ್ರಯಾಣ, ವಸತಿ ಸೇರಿ ಒಬ್ಬೊಬ್ಬರಿಗೆ ನೂರಾರು ಡಾಲರ್. ಅದಕ್ಕೆ ಕೇಕ್ ಮಾರಿ, ಕಾರು ತೊಳೆದು ಚಂದಾ ಎತ್ತುತ್ತಾರೆ. ನಾನಿದ್ದ ಊರಿನ ತಂಡಗಳಲ್ಲಿ ನಮ್ಮಂಥ ವಲಸಿಗರ ಮಕ್ಕಳು ಬೇಕಾದಷ್ಟಿದ್ದರು. ಆದರೆ ಆ ವಲಸಿಗರೆಲ್ಲ ಐಟಿ ಕಂಪನಿ, ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡೋರು. ಅದೇ ಊರಿನ ಹೋಟೆಲ್ ಅಡುಗೆಮನೆಯಲ್ಲಿ ದುಡಿಯೋ ಕುಟುಂಬಗಳ ಮಕ್ಕಳು ನನ್ನ ಕಣ್ಣಿಗೆ ಬೀಳಲಿಲ್ಲ.

ಲೆಗೋ ಲೀಗ್‌ನ ವಿಷಯದಲ್ಲಿ ಇದು ಇನ್ನೂ ನೇರ. ಅಲ್ಲಿ ಆಟ ಶುರುವಾಗೋದೇ ಕಂಪನಿಯ ಕಿಟ್ ಕೊಂಡ ಮೇಲೆ. ಬೆಂಗಳೂರಿನ ದುಬಾರಿ ಫೀಸಿನ ಶಾಲೆಗೆ ಅದೊಂದು ಖರ್ಚಿನ ಬಾಬ್ತು. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಅದು ಕನಸಿನಲ್ಲೂ ಬರದ ಮಾತು.

ಬಹುಮಾನ ಕೊಟ್ಟರೆ ಸೃಜನಶೀಲತೆ ಹೆಚ್ಚುತ್ತಾ?

ಇಲ್ಲೊಂದು ಗಟ್ಟಿಯಾದ ತಕರಾರಿದೆ. ಅದನ್ನು ಎತ್ತಿದ್ದು ಸಂಶೋಧಕರೇ.

1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಮಾರ್ಕರ್ ಪೆನ್ನಿನಲ್ಲಿ ಚಿತ್ರ ಬರೆಯೋದನ್ನ ಇಷ್ಟಪಡೋ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಪ್ರಶಸ್ತಿ ಪತ್ರ ಕೊಡ್ತೀವಿ’ ಅಂತ ಮೊದಲೇ ಹೇಳಿದರು. ಆಮೇಲೆ ಬಿಡುವಿನ ವೇಳೆಯಲ್ಲಿ ನೋಡಿದರೆ ಆ ಮಕ್ಕಳಿಗೆ ಚಿತ್ರದ ಮೇಲಿನ ಆಸೆಯೇ ಕಡಿಮೆ ಆಗಿತ್ತು. 1982ರಲ್ಲಿ ತೆರೇಸಾ ಅಮಬಿಲಿ 7ರಿಂದ 11 ವರ್ಷದ ಹುಡುಗಿಯರಿಗೆ ಬಣ್ಣದ ಕಾಗದ ಅಂಟಿಸಿ ಚಿತ್ರ ಮಾಡೋಕೆ ಹೇಳಿದರು. ಬಹುಮಾನಕ್ಕೆ ಪೈಪೋಟಿ ಮಾಡಿದ ಗುಂಪಿನ ಚಿತ್ರಗಳಲ್ಲಿ ಹೊಸತನ ಕಡಿಮೆ ಇತ್ತು.

ತಂಡ ಅನ್ನೋದೂ ಮಂತ್ರದಂಡ ಅಲ್ಲ. ‘ಬ್ರೈನ್‌ಸ್ಟಾರ್ಮಿಂಗ್’ ಅನ್ನೋ ಪದವನ್ನು ಜನಪ್ರಿಯ ಮಾಡಿದ್ದು ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್. ಗುಂಪಾಗಿ ಕೂತರೆ ಐಡಿಯಾಗಳು ಸುರಿಯುತ್ತವೆ ಅಂತ ಅವರ ವಾದ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿದಾಗ, ಒಬ್ಬೊಬ್ಬರೇ ಕೂತು ಬರೆದು ಆಮೇಲೆ ಒಟ್ಟು ಸೇರಿಸಿದ ಪಟ್ಟಿಯೇ ಗುಂಪಿನ ಪಟ್ಟಿಗಿಂತ ದೊಡ್ಡದಾಗಿತ್ತು. ಗುಂಪಿನಲ್ಲಿ ಜೋರಾಗಿ ಮಾತಾಡೋರು ಮಾತಾಡ್ತಾರೆ, ಮೆಲುದನಿಯವರು ಸುಮ್ಮನಾಗ್ತಾರೆ. ನಮ್ಮಲ್ಲಿ ಆ ಜೋರು ದನಿ ಬಹಳ ಸಲ ಜಾತಿ, ಲಿಂಗ, ಇಂಗ್ಲಿಷಿನಿಂದ ಬರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಗಳ ತಂಡದ ಕೋಚ್ ಇದಕ್ಕೊಂದು ಸರಳ ದಾರಿ ಕಂಡುಕೊಂಡಿದ್ದರು. ಮೊದಲು ಐದು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೀರಿ, ಹೆಸರು ಹಾಕಬೇಡಿ, ಆಮೇಲೆ ಚೀಟಿಗಳನ್ನ ಕಲಸಿ ಓದೋಣ.

ಹಾಗಾದರೆ ಸ್ಪರ್ಧೆಯೇ ಬೇಡವಾ? ನನಗೆ ಹಾಗೆ ಅನ್ನಿಸಲ್ಲ. ಗಡುವು ಇಲ್ಲದಿದ್ದರೆ ಆ ಗಾಡಿ ಇವತ್ತಿಗೂ ನಮ್ಮ ಗ್ಯಾರೇಜಿನಲ್ಲೇ ಇರ್ತಿತ್ತು. ಅಪರಿಚಿತರ ಮುಂದೆ ತೋರಿಸಬೇಕು ಅನ್ನೋದು ಮಕ್ಕಳಿಗೆ ಗಂಭೀರತೆ ಕೊಡುತ್ತೆ. ಆದರೆ ತೋರಿಸೋದಕ್ಕೂ ಸೋಲಿಸೋದಕ್ಕೂ ವ್ಯತ್ಯಾಸ ಇದೆ. ಪುಟಾಣಿಗಳ ವಿಭಾಗದಲ್ಲಿ ರ‍್ಯಾಂಕ್ ಇಲ್ಲ ಅಂದೆನಲ್ಲ, ಅದನ್ನು ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ ವಿಸ್ತರಿಸೋದು ಸರಿ ಅಂತ ನನ್ನ ಅಭಿಪ್ರಾಯ.

ನಮ್ಮಲ್ಲಿ ಏನಿದೆ?

‘ಅಮೆರಿಕದಲ್ಲಿ ಎಷ್ಟು ಚೆನ್ನಾಗಿದೆ ನೋಡಿ’ ಅಂತ ಹೇಳೋ ಲೇಖನ ಇದಲ್ಲ. ನಮ್ಮಲ್ಲೂ ಬೇರುಗಳಿವೆ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಸರ್ಕಾರಿ ಶಾಲಾ ಶಿಕ್ಷಕರು ಕಟ್ಟಿದ ‘ನಲಿ-ಕಲಿ’ ಚಟುವಟಿಕೆ ಆಧಾರಿತ ಕಲಿಕೆಯನ್ನು ಪುಟ್ಟ ಮಕ್ಕಳಿಗೆ ತಂದಿತು, ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ‘ಪ್ರತಿಭಾ ಕಾರಂಜಿ’ ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಹಳ್ಳಿ ಮಕ್ಕಳನ್ನು ವೇದಿಕೆ ಹತ್ತಿಸುತ್ತೆ. 1993ರಿಂದ ರಾಷ್ಟ್ರಮಟ್ಟದಲ್ಲಿ ನಡೆದು ಬಂದ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಂಡವಾಗಿ ತಮ್ಮ ಊರಿನದ್ದೇ ಸಮಸ್ಯೆಯನ್ನು ಅಧ್ಯಯನ ಮಾಡ್ತಾರೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ದುಡಿದಿದೆ. ಕೋವಿಡ್ ನಂತರದ ‘ಕಲಿಕಾ ಚೇತರಿಕೆ’ ವರ್ಷವಾದ 2022-23ರಲ್ಲಿ ಸರ್ಕಾರಿ ಶಾಲೆಗಳಲ್ಲಿ ‘ಕಲಿಕಾ ಹಬ್ಬ’ ನಡೆಯಿತು. ಹಬ್ಬ ಅನ್ನೋ ಪದವೇ ಹೇಳುವ ಹಾಗೆ, ಅಲ್ಲಿ ಮುಖ್ಯ ಆಗಿದ್ದು ಕೂಡಿ ಮಾಡೋದು.

ಆದರೆ ನಡುವೆ ಒಂದು ಖಾಲಿ ಜಾಗ ಇದೆ. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಅಭಿನಯ ಗೀತೆ, ಛದ್ಮವೇಷ, ಮಣ್ಣಿನ ಮಾದರಿ ಇವೆ. ಇವುಗಳಲ್ಲಿ ಹೆಚ್ಚಿನವು ಒಬ್ಬೊಬ್ಬರೇ ಮಾಡೋ, ಮೊದಲೇ ಕಲಿತು ಒಪ್ಪಿಸೋ ಪ್ರದರ್ಶನಗಳು. ವಿಜ್ಞಾನ ಸಮಾವೇಶ 10 ವರ್ಷ ತುಂಬಿದವರಿಗೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಆರನೇ ಕ್ಲಾಸಿನಿಂದ ಮೇಲಿನವರಿಗೆ. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ‘ಇಲ್ಲೊಂದು ಸಮಸ್ಯೆ ಇದೆ, ನಾಲ್ಕು ಜನ ಸೇರಿ ನಿಮಗೆ ತೋಚಿದ ಹಾಗೆ ಬಿಡಿಸಿ’ ಅಂತ ಕೇಳೋ ಜಾಗ ಬಹಳ ಕಡಿಮೆ.

ಕಾನೂನಿನ ಮಾತು ಬೇರೆಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಕಲಿಕೆ ಚಟುವಟಿಕೆ, ಶೋಧನೆ, ಅನ್ವೇಷಣೆಯ ಮೂಲಕ ಆಗಬೇಕು, ಮಗು ಭಯ ಮತ್ತು ಆತಂಕದಿಂದ ಮುಕ್ತವಾಗಿರಬೇಕು ಅನ್ನುತ್ತೆ. ಅಂದರೆ ಯೋಚಿಸೋಕೆ ಅವಕಾಶ ಕೊಡೋದು ಖಾಸಗಿ ಶಾಲೆಯ ಎಕ್ಸ್‌ಟ್ರಾ ಫೀಸಿನ ಪ್ಯಾಕೇಜ್ ಅಲ್ಲ. ಪ್ರತಿ ಮಗುವಿನ ಹಕ್ಕು ಅದು.

ತರಬೇಕಾದ್ದು ಪಂದ್ಯಾವಳಿ ಅಲ್ಲ, ನಿಯಮ

ಈ ಪಂದ್ಯಾವಳಿಗಳನ್ನು ಫ್ರಾಂಚೈಸಿ ಥರ ತಂದು ನಮ್ಮ ಶಾಲೆಗಳಿಗೆ ಅಂಟಿಸಿ ಅಂತ ನಾನು ಹೇಳ್ತಿಲ್ಲ. ಹಾಗೆ ತಂದರೆ ಮೊದಲು ಬರೋದು ಕೋಚಿಂಗ್ ಸೆಂಟರ್. ಒಲಿಂಪಿಯಾಡ್‌ಗಳಿಗೆ ಏನಾಯ್ತು ಅಂತ ನೋಡಿದ್ದೀವಿ. ‘ಸೃಜನಶೀಲತೆ, ಲೆವೆಲ್ ಒನ್, 40 ಗಂಟೆ’ ಅಂತ ಬೋರ್ಡ್ ಬೀಳೋಕೆ ಬಹಳ ದಿನ ಬೇಕಿಲ್ಲ.

ತರಬೇಕಾದ್ದು ದುಡ್ಡು ಬೇಡದ ಕೆಲವು ನಿಯಮಗಳನ್ನು ಮಾತ್ರ. ಪೇಟೆಯಿಂದ ಕೊಂಡು ತಂದಿದ್ದಕ್ಕೆ ಅಂಕ ಇಲ್ಲ, ಊರಿನಲ್ಲಿ ಬಿದ್ದಿರೋ ವಸ್ತುವಿಗೆ ಇದೆ. ಕೆಲಸ ಶಾಲೆಯ ಅವಧಿಯಲ್ಲೇ, ಶಾಲೆಯಲ್ಲೇ ಆಗಬೇಕು, ಆಗ ಮನೆಯ ಅನುಕೂಲ ಅಡ್ಡ ಬರಲ್ಲ. ಮೇಷ್ಟ್ರು ಪ್ರಶ್ನೆ ಕೇಳಬಹುದು, ಉತ್ತರ ಹೇಳಬಾರದು. ಮಕ್ಕಳೇ ‘ಯಾರು ಏನು ಮಾಡಿದ್ವಿ’ ಅಂತ ಹೇಳಬೇಕು, ಅದಕ್ಕೆ ಅಂಕಪಟ್ಟಿಯಲ್ಲಿ ಒಂದು ಕಾಲಂ ಇರಬೇಕು. ಕೆಡೋದಕ್ಕೆ, ಸೋರೋದಕ್ಕೆ, ಮುರಿಯೋದಕ್ಕೆ ಅವಮಾನ ಇರಬಾರದು.

ಇದು ಮೇಷ್ಟ್ರ ತಲೆಗೆ ಇನ್ನೊಂದು ಹೊರೆ ಆಗಬಾರದು ಅನ್ನೋದೂ ನಿಜ. ಮೂರು ಕ್ಲಾಸನ್ನು ಒಬ್ಬರೇ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಸಮೀಕ್ಷೆಗೂ ಹೋಗಬೇಕಾದ ಶಿಕ್ಷಕಿಗೆ ‘ಸೃಜನಶೀಲರಾಗಿ’ ಅಂತ ಸುತ್ತೋಲೆ ಕಳಿಸೋದು ಕ್ರೌರ್ಯ. ಖಾಲಿ ಹುದ್ದೆ ತುಂಬಿ ಅನ್ನೋ ಬೇಡಿಕೆಯನ್ನು ಬಿಟ್ಟು ಈ ಬೇಡಿಕೆ ಒಂಟಿಯಾಗಿ ನಿಲ್ಲಲ್ಲ.

ಇನ್ನೊಂದು ವಿಷಯದಲ್ಲಿ ನಾವು ಅವರಿಗಿಂತ ಮುಂದಿದ್ದೀವಿ. ಒಡಿಸ್ಸಿಯ ಸಮಸ್ಯೆಗಳು ಬಹುತೇಕ ಕಲ್ಪನೆಯವು. ನಮ್ಮಲ್ಲಿ ‘ಮಕ್ಕಳ ಗ್ರಾಮಸಭೆ’ ಇದೆ. 1990ರ ದಶಕದಲ್ಲಿ ಕುಂದಾಪುರ ಭಾಗದಲ್ಲಿ ದುಡಿಯೋ ಮಕ್ಕಳ ‘ಭೀಮ ಸಂಘ’ದ ಹಿನ್ನೆಲೆಯಲ್ಲಿ ಮಕ್ಕಳ ಪಂಚಾಯತಿಗಳು ನಡೆದ ನಾಡು ಇದು. ಈಗ ಗ್ರಾಮ ಪಂಚಾಯತಿಗಳು ಮಕ್ಕಳನ್ನು ಕೂರಿಸಿ ಅವರ ಅಹವಾಲು ಕೇಳಬೇಕು ಅನ್ನೋ ವ್ಯವಸ್ಥೆ ಇದೆ. ಎಷ್ಟೋ ಕಡೆ ಅದು ಭಾಷಣ, ಬಿಸ್ಕತ್ತು, ಫೋಟೋದಲ್ಲಿ ಮುಗಿಯುತ್ತೆ. ಅದರ ಬದಲು ಒಂದು ತಿಂಗಳು ಮೊದಲೇ ನಾಲ್ಕನೇ ಕ್ಲಾಸಿನ ಮಕ್ಕಳ ಕೈಗೆ ಒಂದು ನಿಜವಾದ ಸಮಸ್ಯೆ ಕೊಟ್ಟರೆ? ಶಾಲೆ ನಲ್ಲಿಯಿಂದ ಪೋಲಾಗೋ ನೀರು. ಹುಡುಗಿಯರ ಶೌಚಾಲಯದ ಮುರಿದ ಚಿಲಕ. ಮಳೆಗಾಲದಲ್ಲಿ ದಾಟೋಕಾಗದ ಹಳ್ಳ. ಅವರು ರಟ್ಟಿನಲ್ಲಿ, ಮಣ್ಣಿನಲ್ಲಿ, ನಾಟಕದಲ್ಲಿ ತಮ್ಮ ಪರಿಹಾರ ತಂದು ಪಂಚಾಯತಿ ಮುಂದೆ ತೋರಿಸಲಿ. ಆಮೇಲೆ ಅಧ್ಯಕ್ಷರು, ಪಿಡಿಒ ಉತ್ತರ ಕೊಡಲಿ. ಹಾಗಾದರೆ ಹತ್ತು ವರ್ಷದ ಮಗು ಒಂದೇ ಸಲಕ್ಕೆ ಎರಡು ಪಾಠ ಕಲಿಯುತ್ತೆ: ಯೋಚಿಸೋದು ಹೇಗೆ, ಅಧಿಕಾರವನ್ನು ಪ್ರಶ್ನೆ ಕೇಳೋದು ಹೇಗೆ.

ಮತ್ತೆ ಆ ವಿಜ್ಞಾನ ಮೇಳಕ್ಕೆ ಬರ್ತೀನಿ. ಈ ವರ್ಷವೂ ಕರೆ ಬಂತು. ಹೋಗೋ ಮೊದಲು ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, “ಸರ್, ಅಂಕಪಟ್ಟಿಯಲ್ಲಿ ಒಂದು ಕಾಲಂ ಸೇರಿಸೋಣವಾ? ‘ಮಗು ಸ್ವತಃ ಮಾಡಿದ್ದು ಎಷ್ಟು’ ಅಂತ?” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಪೇರೆಂಟ್ಸ್ ಗಲಾಟೆ ಮಾಡ್ತಾರೆ ಸರ್” ಅಂದರು. ಆಮೇಲೆ ಅವರೇ, “ಮಾಡಲಿ ಬಿಡಿ. 20 ಅಂಕ ಇಡೋಣವಾ?” ಅಂದರು.

ಕಾಲಂ ಸೇರಿದೆ. ಆ ಹುಡುಗಿ ಈಗ ಐದನೇ ಕ್ಲಾಸು. ಯಂತ್ರಕ್ಕೆ ಮೇಣ ಹಾಕಿ ನೋಡಿದಳಾ, ಸೋರೋದು ನಿಂತಿತಾ ಅಂತ ಮೊದಲು ಅವಳನ್ನೇ ಕೇಳಬೇಕು.